ದೈವಿಕ ಆಯ್ಕೆ ಮತ್ತು ಇಚ್ಛಾಸ್ವಾತಂತ್ರ್ಯ

ದೈವಿಕ ಆಯ್ಕೆ ಮತ್ತು ಇಚ್ಛಾಸ್ವಾತಂತ್ರ್ಯ ಇವು ಕ್ರೈಸ್ತ ದೈವಶಾಸ್ತ್ರದ ಎರಡು ಮೂಲಭೂತ ಪರಿಕಲ್ಪನೆಗಳು. ದೇವರು ತನ್ನ ಕೃಪೆಯಿಂದ ಮನುಷ್ಯರನ್ನು ರಕ್ಷಣೆಗಾಗಿ ಆರಿಸಿಕೊಳ್ಳುತ್ತಾನೆ ಎಂಬುದು ಮೊದಲನೆಯದು. ಮನುಷ್ಯನು ತನ್ನ ನಡತೆಗೂ ನಂಬಿಕೆಗೂ ತಾನೇ ಹೊಣೆಗಾರನಾಗುವಷ್ಟು ಸ್ವತಂತ್ರನು ಎಂಬುದು ಎರಡನೆಯದು. ಬೈಬಲ್ ಇವೆರಡನ್ನೂ ಹೇಳುತ್ತದೆ. ಆದರೆ ಇವೆರಡೂ ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಎಲ್ಲಿಯೂ ಸೂತ್ರರೂಪದಲ್ಲಿ ವಿವರಿಸುವುದಿಲ್ಲ. ಆದುದರಿಂದ ಈ ಸಂಬಂಧದ ಕುರಿತು ಕ್ರಿ.ಶ. 5ನೆಯ ಶತಮಾನದಿಂದ ಇಂದಿನವರೆಗೂ ಕ್ರೈಸ್ತ ಪಂಥಗಳಲ್ಲಿ ಚರ್ಚೆ ನಡೆಯುತ್ತಲೇ ಬಂದಿದೆ.

ಈ ಚರ್ಚೆ ಕೇವಲ ಪಾಂಡಿತ್ಯದ ವಿಷಯವಲ್ಲ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಪ್ರಾರ್ಥನೆ, ಉಪದೇಶ, ಪಶ್ಚಾತ್ತಾಪಗಳಿಗೆ ಅರ್ಥವೇನು? ಎಲ್ಲವೂ ಮನುಷ್ಯನ ನಿರ್ಧಾರವನ್ನೇ ಅವಲಂಬಿಸಿದ್ದರೆ ದುರ್ಬಲನಾದವನಿಗೆ ಭರವಸೆ ಎಲ್ಲಿಂದ? ಒಬ್ಬನು ಕೆಡುವಾಗ ಅದರ ಹೊಣೆ ಯಾರದು? ಈ ಪ್ರಶ್ನೆಗಳು ಸಾಮಾನ್ಯ ಭಕ್ತರನ್ನೂ ಕಾಡಿವೆ. ಕೆಲವೊಮ್ಮೆ ರಾಜ್ಯಗಳನ್ನೇ ಅಲುಗಾಡಿಸಿವೆ.

ಪರಿಭಾಷೆ

ಈ ವಿಷಯದಲ್ಲಿ ಬಳಕೆಯಾಗುವ ಕೆಲವು ಪದಗಳು ಒಂದನ್ನೊಂದು ಹೋಲುವುದರಿಂದ ಅವುಗಳ ವ್ಯತ್ಯಾಸವನ್ನು ಗಮನಿಸಬೇಕು.

ಆಯ್ಕೆ: ದೇವರು ಒಬ್ಬ ವ್ಯಕ್ತಿಯನ್ನಾಗಲಿ ಒಂದು ಜನಾಂಗವನ್ನಾಗಲಿ ತನ್ನ ಉದ್ದೇಶಕ್ಕಾಗಿ ಆರಿಸಿಕೊಳ್ಳುವುದು. ಇದು ರಕ್ಷಣೆಗಾಗಿ ಇರಬಹುದು, ಸೇವೆಗಾಗಿಯೂ ಇರಬಹುದು.

ಪೂರ್ವನಿರ್ಧಾರ: ಲೋಕದ ಸೃಷ್ಟಿಗೂ ಮೊದಲೇ ದೇವರು ಮನುಷ್ಯರ ಅಂತಿಮ ಗತಿಯ ಬಗ್ಗೆ ಮಾಡಿರುವ ಸಂಕಲ್ಪ. ರಕ್ಷಣೆ ಹೊಂದುವವರ ಬಗ್ಗೆ ಮಾತ್ರವಲ್ಲದೆ ತಿರಸ್ಕೃತರ ಬಗ್ಗೆಯೂ ಅಂತಹ ಸಂಕಲ್ಪವಿದೆ ಎನ್ನುವುದಕ್ಕೆ ಇಮ್ಮಡಿ ಪೂರ್ವನಿರ್ಧಾರವೆಂದು ಹೆಸರು.

ಪೂರ್ವಜ್ಞಾನ: ಮುಂದೆ ನಡೆಯುವುದೆಲ್ಲವನ್ನೂ ದೇವರು ಮೊದಲೇ ಅರಿತಿರುವುದು. ಅರಿಯುವುದೂ ನಿರ್ಧರಿಸುವುದೂ ಒಂದೇ ಅಲ್ಲ ಎಂಬುದು ಅನೇಕ ಚಿಂತಕರ ವಾದ.

ಕೃಪೆ: ಯಾವ ಯೋಗ್ಯತೆಯನ್ನೂ ಪರಿಗಣಿಸದೆ ದೇವರು ಉಚಿತವಾಗಿ ನೀಡುವ ಅನುಗ್ರಹ.

ಇಚ್ಛಾಸ್ವಾತಂತ್ರ್ಯ: ಇದಕ್ಕೆ ಎರಡು ಬಗೆಯ ವ್ಯಾಖ್ಯಾನಗಳಿವೆ. ಒಂದೇ ಸನ್ನಿವೇಶದಲ್ಲಿ ಹೀಗೂ ಮಾಡಬಹುದಾದ, ಹಾಗೂ ಮಾಡಬಹುದಾದ ಸಾಮರ್ಥ್ಯವೇ ಸ್ವಾತಂತ್ರ್ಯವೆಂಬುದು ಒಂದು. ಹೊರಗಿನ ಬಲವಂತವಿಲ್ಲದೆ ತನ್ನ ಮನಸ್ಸು ಬಯಸಿದ್ದನ್ನು ಮಾಡುವುದೇ ಸ್ವಾತಂತ್ರ್ಯವೆಂಬುದು ಇನ್ನೊಂದು. ಅನೇಕ ವಾದಗಳಲ್ಲಿ ಎರಡು ಪಕ್ಷದವರೂ ಒಂದೇ ಪದವನ್ನು ಈ ಎರಡು ಬೇರೆ ಅರ್ಥಗಳಲ್ಲಿ ಬಳಸಿರುವುದುಂಟು.

ಬೈಬಲಿನಲ್ಲಿ

ಹಳೆಯ ಒಡಂಬಡಿಕೆ

ಹಳೆಯ ಒಡಂಬಡಿಕೆಯಲ್ಲಿ ಆಯ್ಕೆ ಎಂಬುದು ಪ್ರಧಾನವಾಗಿ ಒಂದು ಜನಾಂಗಕ್ಕೆ ಸಂಬಂಧಿಸಿದ್ದು. ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೇವರು ಅಬ್ರಾಮನನ್ನು ಕರೆಯುತ್ತಾನೆ. ಆ ಕರೆಯ ಉದ್ದೇಶ ಅವನೊಬ್ಬನ ಏಳಿಗೆಯಲ್ಲ, ಅವನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಉಂಟಾಗುವುದು. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯವು ಇಸ್ರಾಯೇಲ್ಯರಿಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಅವರು ಸಂಖ್ಯೆಯಲ್ಲಿ ದೊಡ್ಡವರೆಂದು ದೇವರು ಅವರನ್ನು ಆರಿಸಿಕೊಳ್ಳಲಿಲ್ಲ. ಅವರು ಎಲ್ಲ ಜನಾಂಗಗಳಿಗಿಂತ ಚಿಕ್ಕವರಾಗಿದ್ದರು. ಆಯ್ಕೆಗೆ ಕಾರಣ ದೇವರ ಪ್ರೀತಿಯೇ ಹೊರತು ಬೇರೇನೂ ಅಲ್ಲ.

ಅದೇ ಗ್ರಂಥದ 30ನೆಯ ಅಧ್ಯಾಯದಲ್ಲಿ ಮೋಶೆಯು ಜೀವವನ್ನೂ ಮರಣವನ್ನೂ ಜನರ ಮುಂದಿಟ್ಟು, ಜೀವವನ್ನೇ ಆರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತಾನೆ. ದೇವರು ಆರಿಸಿಕೊಂಡ ಜನರೇ ಈಗ ತಾವೂ ಆರಿಸಿಕೊಳ್ಳಬೇಕಾಗುತ್ತದೆ. ವಿಮೋಚನಕಾಂಡದಲ್ಲಿ ಫರೋಹನ ಹೃದಯವನ್ನು ದೇವರು ಕಠಿಣಪಡಿಸಿದನೆಂದು ಕೆಲವೆಡೆ, ಫರೋಹನೇ ತನ್ನ ಹೃದಯವನ್ನು ಕಠಿಣಪಡಿಸಿಕೊಂಡನೆಂದು ಇನ್ನು ಕೆಲವೆಡೆ ಹೇಳಿದೆ. ಯೋಸೇಫನನ್ನು ಅಣ್ಣಂದಿರು ಮಾರಿದ ಪ್ರಸಂಗದ ಕೊನೆಯಲ್ಲಿ, ಅವರು ಕೇಡನ್ನೇ ಬಗೆದಿದ್ದರೂ ದೇವರು ಅದೇ ಕೃತ್ಯದ ಮೂಲಕ ಒಳ್ಳೆಯದನ್ನು ಉದ್ದೇಶಿಸಿದನೆಂದು ಯೋಸೇಫನು ಹೇಳುತ್ತಾನೆ. ಒಂದೇ ಘಟನೆಯ ಹಿಂದೆ ಎರಡು ಇಚ್ಛೆಗಳು ಕೆಲಸ ಮಾಡಬಹುದು ಎಂಬ ವಿಚಾರಕ್ಕೆ ನಂತರದ ಚಿಂತಕರು ಈ ಪ್ರಸಂಗವನ್ನು ಪದೇ ಪದೇ ಆಧಾರವಾಗಿ ತೆಗೆದುಕೊಂಡಿದ್ದಾರೆ.

ಹೊಸ ಒಡಂಬಡಿಕೆ

ಹೊಸ ಒಡಂಬಡಿಕೆಯಲ್ಲಿಯೂ ಎರಡು ಧ್ವನಿಗಳು ಕೇಳಿಬರುತ್ತವೆ. ಎಫೆಸದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯವು ಲೋಕದ ಅಸ್ತಿವಾರಕ್ಕೂ ಮುಂಚೆ ಕ್ರಿಸ್ತನಲ್ಲಿ ನಡೆದ ಆಯ್ಕೆಯನ್ನು ಕೊಂಡಾಡುತ್ತದೆ. ತಂದೆಯು ಸೆಳೆಯದೆ ಯಾರೂ ತನ್ನ ಬಳಿಗೆ ಬರಲಾರರೆಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಇನ್ನೊಂದೆಡೆ, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಚಿತ್ತವೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಸಾರುತ್ತದೆ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಯೇಸು ಯೆರೂಸಲೇಮಿಗಾಗಿ ದುಃಖಿಸುತ್ತಾ, ತಾನು ಆ ಊರಿನ ಮಕ್ಕಳನ್ನು ಕೂಡಿಸಿಕೊಳ್ಳಲು ಬಯಸಿದರೂ ಅವರಿಗೆ ಮನಸ್ಸಾಗಲಿಲ್ಲವೆನ್ನುತ್ತಾನೆ.

ಚರ್ಚೆಯ ಕೇಂದ್ರಸ್ಥಾನದಲ್ಲಿರುವುದು ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ 9ರಿಂದ 11ನೆಯ ಅಧ್ಯಾಯಗಳು. ಯಾಕೋಬ ಮತ್ತು ಏಸಾವರು ಇನ್ನೂ ಹುಟ್ಟದೆ, ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡದೆ ಇದ್ದಾಗಲೇ ಹಿರಿಯನು ಕಿರಿಯನಿಗೆ ಸೇವೆಮಾಡುವನೆಂದು ರೆಬೆಕ್ಕಳಿಗೆ ಹೇಳಲಾಯಿತೆಂಬುದನ್ನು ಪೌಲನು ಇಲ್ಲಿ ನೆನಪಿಸುತ್ತಾನೆ. ಒಂದೇ ಮಣ್ಣಿನ ಮುದ್ದೆಯಿಂದ ಬೇರೆ ಬೇರೆ ಪಾತ್ರೆಗಳನ್ನು ಮಾಡುವ ಕುಂಬಾರನ ಹೋಲಿಕೆಯನ್ನೂ ಕೊಡುತ್ತಾನೆ. 9ನೆಯ ಅಧ್ಯಾಯವನ್ನು ಮಾತ್ರ ಓದಿದವರಿಗೆ ಮನುಷ್ಯನ ಇಚ್ಛೆಗೆ ಎಡೆಯೇ ಇಲ್ಲವೆಂದು ತೋರುತ್ತದೆ. ಆದರೆ 10ನೆಯ ಅಧ್ಯಾಯದಲ್ಲಿ ಕೇಳುವುದು, ನಂಬುವುದು, ಮೊರೆಯಿಡುವುದು ಇವುಗಳಿಗೆ ಒತ್ತು ಬೀಳುತ್ತದೆ. 11ನೆಯ ಅಧ್ಯಾಯವು ಎಲ್ಲರ ಮೇಲೂ ಕರುಣೆ ತೋರಿಸುವ ದೇವರ ಉದ್ದೇಶವನ್ನು ಹೇಳಿ, ಆತನ ಮಾರ್ಗಗಳು ಮನುಷ್ಯನ ಅಳವಿಗೆ ಮೀರಿದವು ಎಂಬ ಸ್ತುತಿಯೊಂದಿಗೆ ಮುಗಿಯುತ್ತದೆ. ಪೌಲನು ಇಲ್ಲಿ ವ್ಯಕ್ತಿಗಳ ನಿತ್ಯಗತಿಯನ್ನು ಕುರಿತು ಮಾತನಾಡುತ್ತಿದ್ದಾನೆಯೋ, ಅಥವಾ ಇಸ್ರಾಯೇಲ್ ಮತ್ತು ಅನ್ಯಜನರ ಚಾರಿತ್ರಿಕ ಪಾತ್ರವನ್ನು ಕುರಿತೋ ಎಂಬುದೇ ವ್ಯಾಖ್ಯಾನಕಾರರ ನಡುವಿನ ಮುಖ್ಯ ಭಿನ್ನಾಭಿಪ್ರಾಯ.

ಆಗಸ್ಟೀನ್ ಮತ್ತು ಪೆಲೇಜಿಯಸ್

ಮೊದಲ ಮೂರು ಶತಮಾನಗಳ ಕ್ರೈಸ್ತ ಲೇಖಕರು ಇಚ್ಛಾಸ್ವಾತಂತ್ರ್ಯವನ್ನು ಬಲವಾಗಿ ಎತ್ತಿಹಿಡಿದರು. ಜಸ್ಟಿನ್, ಐರೇನಿಯಸ್, ಓರಿಜೆನ್ ಮೊದಲಾದವರ ಎದುರಾಳಿಗಳು ವಿಧಿವಾದಿಗಳು ಮತ್ತು ಮನುಷ್ಯರನ್ನು ಹುಟ್ಟಿನಿಂದಲೇ ಬೇರೆ ಬೇರೆ ವರ್ಗಗಳಾಗಿ ವಿಂಗಡಿಸುತ್ತಿದ್ದ ಜ್ಞಾನಪಂಥದವರು.

ಈ ಚಿತ್ರ ಬದಲಾದದ್ದು ಹಿಪ್ಪೋ ನಗರದ ಬಿಷಪ್ ಆಗಿದ್ದ ಆಗಸ್ಟೀನನಿಂದ (354–430). ಹಿಪ್ಪೋ ಇಂದಿನ ಅಲ್ಜೀರಿಯ ದೇಶದ ಅನ್ನಾಬ. ಯೌವನದಲ್ಲಿ ತನ್ನ ದುರಭ್ಯಾಸಗಳನ್ನು ಬಿಡಬೇಕೆಂದು ಬಯಸಿಯೂ ಬಿಡಲಾಗದೆ ತೊಳಲಾಡಿದ ಅನುಭವವನ್ನು ಆತನು ತನ್ನ ಆತ್ಮನಿವೇದನೆಯಲ್ಲಿ ದಾಖಲಿಸಿದ್ದಾನೆ. ಇಚ್ಛೆಯೇ ತನ್ನೊಳಗೆ ಒಡೆದುಹೋಗಿದೆ, ಅದು ತನ್ನನ್ನು ತಾನು ವಾಸಿಮಾಡಿಕೊಳ್ಳಲಾರದು ಎಂಬ ನಿಲುವಿಗೆ ಆತನು ಬಂದನು.

ಇದಕ್ಕೆ ವಿರುದ್ಧವಾಗಿ ನಿಂತವನು ಬ್ರಿಟನ್ ಮೂಲದ ತಪಸ್ವಿ ಪೆಲೇಜಿಯಸ್. ರೋಮ್ ನಗರದ ಕ್ರೈಸ್ತರ ಸಡಿಲ ಜೀವನವನ್ನು ಕಂಡು ಬೇಸತ್ತಿದ್ದ ಈತನಿಗೆ, ಆಜ್ಞೆಯನ್ನು ಪಾಲಿಸುವ ಶಕ್ತಿಯನ್ನೂ ದೇವರೇ ಕೊಡಬೇಕೆಂಬ ಆಗಸ್ಟೀನನ ಪ್ರಾರ್ಥನೆ ಆಲಸ್ಯಕ್ಕೆ ನೆಪವಾಗಿ ಕಂಡಿತು. ನ್ಯಾಯವಂತನಾದ ದೇವರು ಅಸಾಧ್ಯವಾದುದನ್ನು ಆಜ್ಞಾಪಿಸುವುದಿಲ್ಲ; ಆದ್ದರಿಂದ ಮನುಷ್ಯನಿಗೆ ಪಾಪವಿಲ್ಲದೆ ಬಾಳುವ ಸಾಮರ್ಥ್ಯವಿರಲೇಬೇಕು ಎಂಬುದು ಪೆಲೇಜಿಯಸನ ತರ್ಕ. ಆತನ ಕಳಕಳಿ ನೈತಿಕವಾದದ್ದು. ಆದರೆ ಆ ತರ್ಕವನ್ನು ಕೊನೆಯವರೆಗೆ ಎಳೆದರೆ ಕ್ರಿಸ್ತನು ಕೇವಲ ಒಳ್ಳೆಯ ಮಾದರಿಯಾಗುತ್ತಾನೆಯೇ ಹೊರತು ರಕ್ಷಕನಾಗಿ ಉಳಿಯುವುದಿಲ್ಲ ಎಂಬುದು ಆಗಸ್ಟೀನನ ಆಕ್ಷೇಪ.

418ರ ಕಾರ್ಥೇಜ್ ಸಭೆಯೂ 431ರ ಎಫೆಸದ ಮಹಾಸಭೆಯೂ ಪೆಲೇಜಿಯಸ್ ಪಂಥದ ಬೋಧನೆಯನ್ನು ಖಂಡಿಸಿದವು. ಆದರೆ ಆಗಸ್ಟೀನನ ಕೊನೆಗಾಲದ ಬರಹಗಳಲ್ಲಿ ಕಂಡುಬರುವ ಕಠಿಣ ಪೂರ್ವನಿರ್ಧಾರವಾದವನ್ನು ಎಲ್ಲರೂ ಒಪ್ಪಲಿಲ್ಲ. ದಕ್ಷಿಣ ಗಾಲ್ ಪ್ರದೇಶದ ಸನ್ಯಾಸಿಗಳು ಮೊದಲ ಹೆಜ್ಜೆಯನ್ನು ಕೆಲವೊಮ್ಮೆ ಮನುಷ್ಯನೇ ಇಡಬಲ್ಲನೆಂದು ವಾದಿಸಿದರು. 529ರ ಒರಾಂಜ್ ಸಭೆಯು ನಂಬಿಕೆಯ ಮೊದಲ ಹಂಬಲವೂ ಕೃಪೆಯ ಫಲವೆಂದು ತೀರ್ಮಾನಿಸಿತು. ಅದೇ ವೇಳೆ ದೇವರು ಯಾರನ್ನಾದರೂ ಕೇಡಿಗಾಗಿ ನೇಮಿಸಿದ್ದಾನೆ ಎಂಬ ಮಾತನ್ನು ಸ್ಪಷ್ಟವಾಗಿ ತಳ್ಳಿಹಾಕಿತು. 9ನೆಯ ಶತಮಾನದಲ್ಲಿ ಇಮ್ಮಡಿ ಪೂರ್ವನಿರ್ಧಾರವನ್ನು ಬೋಧಿಸಿದ ಗಾಟ್‌ಷಾಕ್ ಎಂಬ ಸನ್ಯಾಸಿ ಖಂಡನೆಗೊಳಗಾಗಿ ಮಠವೊಂದರಲ್ಲಿ ಬಂಧಿಯಾದನು.

ಪೂರ್ವಜ್ಞಾನದ ಸಮಸ್ಯೆ

ನಾಳೆ ನಾನು ಮಾಡಲಿರುವುದನ್ನು ದೇವರು ಇಂದೇ ತಪ್ಪಿಲ್ಲದೆ ಬಲ್ಲನಾದರೆ ನಾನು ಬೇರೆ ರೀತಿ ಮಾಡುವುದು ಸಾಧ್ಯವೇ? ಈ ಪ್ರಶ್ನೆಗೆ ಮೂರು ಪ್ರಸಿದ್ಧ ಉತ್ತರಗಳಿವೆ.

6ನೆಯ ಶತಮಾನದ ಬೊಯೆಥಿಯಸ್ ಸೆರೆಮನೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತಿದ್ದಾಗ ಈ ಪ್ರಶ್ನೆಯನ್ನು ಕುರಿತು ಬರೆದನು. ದೇವರು ಕಾಲದೊಳಗೆ ಕುಳಿತು ಮುಂದಿನದನ್ನು ನೋಡುವವನಲ್ಲ. ಬೆಟ್ಟದ ತುದಿಯಲ್ಲಿ ನಿಂತವನು ಕೆಳಗಿನ ದಾರಿಯನ್ನೆಲ್ಲ ಒಮ್ಮೆಗೇ ನೋಡುವಂತೆ ಆತನು ಎಲ್ಲ ಕಾಲವನ್ನೂ ಒಂದೇ ವರ್ತಮಾನವಾಗಿ ಕಾಣುತ್ತಾನೆ. ನಡೆಯುವವನನ್ನು ಕಂಡ ಮಾತ್ರಕ್ಕೆ ಅವನನ್ನು ನಡೆಸಿದಂತಾಗುವುದಿಲ್ಲ. ವಿದ್ಯಾರ್ಥಿಯೊಬ್ಬನು ಅನುತ್ತೀರ್ಣನಾಗುವನೆಂದು ಶಿಕ್ಷಕರಿಗೆ ಮೊದಲೇ ತಿಳಿದಿದ್ದರೂ ಅವನ ಸೋಲಿಗೆ ಆ ತಿಳಿವಳಿಕೆ ಕಾರಣವಲ್ಲ ಎಂಬ ಉದಾಹರಣೆಯನ್ನು ಇಲ್ಲಿ ಕೊಡುವುದುಂಟು. ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ಶಿಕ್ಷಕರದು ಊಹೆ, ಅದು ತಪ್ಪಬಹುದು. ದೇವರ ಜ್ಞಾನ ತಪ್ಪುವಂತಿಲ್ಲ. ಅಲ್ಲದೆ ಶಿಕ್ಷಕರು ಆ ವಿದ್ಯಾರ್ಥಿಯನ್ನು ಸೃಷ್ಟಿಸಿದವರಲ್ಲ.

13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಮೂಲಕಾರಣ ಮತ್ತು ಉಪಕಾರಣಗಳ ಭೇದವನ್ನು ಬಳಸಿದನು. ದೇವರು ಪ್ರತಿಯೊಂದು ವಸ್ತುವನ್ನೂ ಅದರ ಸ್ವಭಾವಕ್ಕೆ ತಕ್ಕಂತೆ ನಡೆಸುತ್ತಾನೆ. ಮನುಷ್ಯನ ಸ್ವಭಾವವೇ ಸ್ವತಂತ್ರವಾಗಿ ಇಚ್ಛಿಸುವುದಾದ್ದರಿಂದ ದೇವರು ಅವನನ್ನು ಸ್ವತಂತ್ರನನ್ನಾಗಿಯೇ ನಡೆಸುತ್ತಾನೆ.

ಸ್ಪೇನಿನ ಜೆಸ್ಯೂಟ್ ಪಾದ್ರಿ ಲೂಯಿಸ್ ಡಿ ಮೊಲಿನ 1588ರಲ್ಲಿ 'ಮಧ್ಯಜ್ಞಾನ' ಎಂಬ ಪರಿಕಲ್ಪನೆಯನ್ನು ಮಂಡಿಸಿದನು. ಯಾವ ಮನುಷ್ಯನು ಯಾವ ಸನ್ನಿವೇಶದಲ್ಲಿ ಸ್ವತಂತ್ರವಾಗಿ ಏನು ಮಾಡುವನೆಂಬುದನ್ನು ದೇವರು ಬಲ್ಲನು. ಅದನ್ನು ಅರಿತೇ ಯಾವ ಲೋಕವನ್ನು ಸೃಷ್ಟಿಸಬೇಕೆಂದು ನಿರ್ಧರಿಸುತ್ತಾನೆ. ಡೊಮಿನಿಕನ್ ಪಂಥದ ಡೊಮಿಂಗೊ ಬಾನ್ಯೆಜ್ ಇದನ್ನು ಪ್ರಬಲವಾಗಿ ವಿರೋಧಿಸಿದನು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದ ಬಳಿಕ 1607ರಲ್ಲಿ ಪೋಪ್ ಐದನೆಯ ಪೌಲ್ ಯಾವ ಪಕ್ಷಕ್ಕೂ ಗೆಲುವು ಕೊಡದೆ, ಪರಸ್ಪರರನ್ನು ಪಾಷಂಡಿಗಳೆಂದು ಕರೆಯಬಾರದೆಂದು ಆಜ್ಞಾಪಿಸಿ ವಿವಾದವನ್ನು ನಿಲ್ಲಿಸಿದರು.

ಸುಧಾರಣಾ ಯುಗ

ಮಾನವತಾವಾದಿ ಎರಾಸ್ಮಸ್ 1524ರಲ್ಲಿ ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದಾಗ ಮಾರ್ಟಿನ್ ಲೂಥರ್ 1525ರಲ್ಲಿ ಇಚ್ಛೆಯ ದಾಸ್ಯವನ್ನು ಕುರಿತ ಗ್ರಂಥದಿಂದ ಉತ್ತರಿಸಿದನು. ಎರಾಸ್ಮಸನ ದೃಷ್ಟಾಂತ ಸರಳವಾದದ್ದು. ಇನ್ನೂ ನಡೆಯಲು ಬಾರದ ಮಗುವಿಗೆ ತಂದೆಯು ಹಣ್ಣನ್ನು ತೋರಿಸಿ, ಬಿದ್ದಾಗ ಎತ್ತಿ, ಕೈಹಿಡಿದು ನಡೆಸಿ ಹಣ್ಣನ್ನು ಕೊಡುತ್ತಾನೆ. ಮಗುವು ತನ್ನ ಬಲದಿಂದಲೇ ಪಡೆದೆನೆಂದು ಹೇಳಲಾರದು. ಆದರೂ ಅದು ಏನೂ ಮಾಡಲಿಲ್ಲವೆಂದಲ್ಲ. ಲೂಥರನ ದೃಷ್ಟಾಂತ ತೀಕ್ಷ್ಣವಾದದ್ದು. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿಯಂತೆ. ದೇವರು ಏರಿದರೆ ದೇವರ ದಾರಿ, ಸೈತಾನನು ಏರಿದರೆ ಅವನ ದಾರಿ. ಇದು ಲೂಥರನಿಗೆ ನಿರಾಶೆಯ ಮಾತಲ್ಲ, ಸಮಾಧಾನದ ಮಾತು. ತನ್ನ ರಕ್ಷಣೆ ತನ್ನ ಚಂಚಲ ಮನಸ್ಸಿನ ಕೈಯಲ್ಲಿಲ್ಲ, ಮಾತು ತಪ್ಪದ ದೇವರ ಕೈಯಲ್ಲಿದೆ ಎಂಬುದೇ ಆತನಿಗೆ ನೆಮ್ಮದಿ.

ಜಾನ್ ಕ್ಯಾಲ್ವಿನ್ (1509–1564) ಈ ಸಿದ್ಧಾಂತದೊಂದಿಗೆ ಹೆಚ್ಚು ಗುರುತಿಸಲ್ಪಟ್ಟವನು. ತನ್ನ ಮುಖ್ಯ ಗ್ರಂಥದ 1559ರ ಅಂತಿಮ ಆವೃತ್ತಿಯಲ್ಲಿ ಆತನು ಇಮ್ಮಡಿ ಪೂರ್ವನಿರ್ಧಾರವನ್ನು ಬೋಧಿಸಿದನು. ಆ ಸಂಕಲ್ಪವು ಭಯಹುಟ್ಟಿಸುವಂಥದ್ದೆಂದು ತಾನೇ ಒಪ್ಪಿಕೊಂಡನು. ಗಮನಾರ್ಹವಾದುದೇನೆಂದರೆ ಈ ಚರ್ಚೆಯನ್ನು ಆತನು ದೇವರ ಗುಣಲಕ್ಷಣಗಳ ಭಾಗದಲ್ಲಿ ಇಡದೆ, ನಂಬಿಕೆ ಮತ್ತು ಪ್ರಾರ್ಥನೆಯ ವಿವರಣೆಯ ನಂತರ ಇಟ್ಟನು. ತಾನು ಆಯ್ಕೆಗೊಂಡವನೇ ಎಂದು ಗುಪ್ತ ಸಂಕಲ್ಪವನ್ನು ಕೆದಕುವವನು ಹೊರಬರಲಾಗದ ಚಕ್ರವ್ಯೂಹವನ್ನು ಹೊಕ್ಕಂತೆ. ಕ್ರಿಸ್ತನೆಂಬ ಕನ್ನಡಿಯಲ್ಲಿಯೇ ಆಯ್ಕೆಯನ್ನು ನೋಡಬೇಕು ಎಂಬುದು ಆತನ ಸಲಹೆ.

ಕ್ಯಾಥೊಲಿಕ್ ಧರ್ಮಸಭೆಯು 1547ರಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ ತನ್ನ ನಿಲುವನ್ನು ಪ್ರಕಟಿಸಿತು. ಪಾಪದಿಂದ ಇಚ್ಛೆ ದುರ್ಬಲವಾಗಿದೆ, ಆದರೆ ನಾಶವಾಗಿಲ್ಲ. ಕೃಪೆಯೇ ಮೊದಲು ಎಬ್ಬಿಸುತ್ತದೆ, ಮನುಷ್ಯನು ಅದಕ್ಕೆ ಸಮ್ಮತಿಸಬಲ್ಲನು, ನಿರಾಕರಿಸಲೂ ಬಲ್ಲನು.

ಅರ್ಮಿನಿಯಸ್ ಮತ್ತು ಡೋರ್ಟ್ ಮಹಾಸಭೆ

ಕ್ಯಾಲ್ವಿನ್ ಪರಂಪರೆಯೊಳಗಿಂದಲೇ ದೊಡ್ಡ ವಿರೋಧವೊಂದು ಹುಟ್ಟಿತು. ಜಿನೀವದಲ್ಲಿ ಓದಿದ್ದ ಡಚ್ ಪಾದ್ರಿ ಯಾಕೋಬಸ್ ಅರ್ಮಿನಿಯಸ್ 1603ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಯಾರು ನಂಬುವರೆಂಬುದನ್ನು ಮುಂದಾಗಿ ಅರಿತು ದೇವರು ಅವರನ್ನು ಆರಿಸಿಕೊಂಡನು ಎಂಬುದು ಆತನ ಬೋಧನೆ. ಸಹೋದ್ಯೋಗಿ ಫ್ರಾನ್ಸಿಸ್ಕಸ್ ಗೊಮಾರಸ್ ಇದನ್ನು ಕಟುವಾಗಿ ವಿರೋಧಿಸಿದನು. 1609ರಲ್ಲಿ ಅರ್ಮಿನಿಯಸ್ ತೀರಿಕೊಂಡ ಮರುವರ್ಷ ಆತನ ಅನುಯಾಯಿಗಳು ಐದು ಅಂಶಗಳ ನಿವೇದನಾಪತ್ರವನ್ನು ಸರ್ಕಾರಕ್ಕೆ ಸಲ್ಲಿಸಿದರು.

ವಿವಾದವು ಡಚ್ ಗಣರಾಜ್ಯದ ರಾಜಕೀಯದೊಂದಿಗೆ ಬೆರೆಯಿತು. 1618–19ರಲ್ಲಿ ಡೋರ್ಡ್‌ರೆಕ್ಟ್ ನಗರದಲ್ಲಿ ಸೇರಿದ ಮಹಾಸಭೆಗೆ ವಿದೇಶಗಳ ಪ್ರತಿನಿಧಿಗಳೂ ಬಂದಿದ್ದರು. ಸಭೆಯು ಅರ್ಮಿನಿಯನ್ನರ ವಾದಗಳನ್ನು ತಿರಸ್ಕರಿಸಿ, ಅನೇಕ ಪಾದ್ರಿಗಳನ್ನು ಸ್ಥಾನದಿಂದ ತೆಗೆಯಿತು. ಅರ್ಮಿನಿಯನ್ನರಿಗೆ ಆಶ್ರಯ ನೀಡಿದ್ದ ಹಿರಿಯ ರಾಜಕಾರಣಿ ಯೋಹಾನ್ ವಾನ್ ಓಲ್ಡನ್‌ಬಾರ್ನೆವೆಲ್ಟ್ ರಾಜದ್ರೋಹದ ಆರೋಪದ ಮೇಲೆ 1619ರ ಮೇ 13ರಂದು ಶಿರಚ್ಛೇದಕ್ಕೆ ಗುರಿಯಾದನು. ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸನಿಗೆ ಜೀವಾವಧಿ ಸೆರೆಯಾಯಿತು. 1621ರಲ್ಲಿ ಆತನು ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ತಪ್ಪಿಸಿಕೊಂಡನು.

ಡೋರ್ಟ್ ನಿಯಮಗಳನ್ನು ಸಾಮಾನ್ಯವಾಗಿ ಕಠೋರವೆಂದು ಪರಿಗಣಿಸಲಾಗುತ್ತದೆ. ಆದರೆ ಅವುಗಳಲ್ಲಿಯೂ ಮನುಷ್ಯನ ಸಂಕಟಕ್ಕೆ ಸ್ಪಂದಿಸಿದ ಭಾಗಗಳಿವೆ. ಶೈಶವದಲ್ಲಿಯೇ ಮಕ್ಕಳನ್ನು ಕಳೆದುಕೊಂಡ ಭಕ್ತ ತಂದೆತಾಯಿಗಳು ಆ ಮಕ್ಕಳ ಆಯ್ಕೆ ಮತ್ತು ರಕ್ಷಣೆಯ ಬಗ್ಗೆ ಸಂಶಯಪಡಬಾರದೆಂದು ಮೊದಲನೆಯ ಅಧ್ಯಾಯದಲ್ಲಿ ಹೇಳಿದೆ. ಶಿಶುಮರಣ ಮನೆಮನೆಯ ದುಃಖವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ.

ನಂತರದ ಬೆಳವಣಿಗೆಗಳು

ಪೂರ್ವ ಆರ್ಥೊಡಾಕ್ಸ್ ಸಭೆಗಳು ಆಗಸ್ಟೀನನ ಪ್ರಭಾವದಿಂದ ಬಹುಮಟ್ಟಿಗೆ ಹೊರಗುಳಿದವು. ಕೃಪೆ ಮತ್ತು ಮಾನವ ಇಚ್ಛೆ ಒಟ್ಟಿಗೆ ದುಡಿಯುತ್ತವೆ ಎಂಬ 'ಸಹಕಾರ' ತತ್ತ್ವವೇ ಅವುಗಳ ನಿಲುವು. 1672ರ ಯೆರೂಸಲೇಮ್ ಸಭೆಯು ಕ್ಯಾಲ್ವಿನನ ಪೂರ್ವನಿರ್ಧಾರವಾದವನ್ನು ಅಧಿಕೃತವಾಗಿ ನಿರಾಕರಿಸಿತು.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗೆಳೆಯರಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ ಇದೇ ವಿಷಯದಲ್ಲಿ ಬೇರೆಯಾದರು. ವೆಸ್ಲಿ 1739ರಲ್ಲಿ ಪೂರ್ವನಿರ್ಧಾರವನ್ನು ಖಂಡಿಸಿ ಉಪದೇಶಿಸಿದನು. ವೈಟ್‌ಫೀಲ್ಡ್ ಬಹಿರಂಗ ಪತ್ರದಿಂದ ಉತ್ತರಿಸಿದನು. ಆದರೂ ಸ್ನೇಹ ಪೂರ್ಣವಾಗಿ ಕಡಿದುಹೋಗಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ನಿಧನನಾದಾಗ ಲಂಡನ್ನಿನಲ್ಲಿ ಸ್ಮರಣೋಪದೇಶ ಮಾಡಿದವನು ವೆಸ್ಲಿಯೇ.

20ನೆಯ ಶತಮಾನದಲ್ಲಿ ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಪ್ರಶ್ನೆಯ ರೂಪವನ್ನೇ ಬದಲಿಸಿದನು. 1942ರಲ್ಲಿ ಪ್ರಕಟವಾದ ಸಂಪುಟದಲ್ಲಿ, ಆರಿಸುವ ದೇವರೂ ಆರಿಸಲ್ಪಟ್ಟ ಮನುಷ್ಯನೂ ಯೇಸು ಕ್ರಿಸ್ತನೇ, ತಿರಸ್ಕಾರವನ್ನು ತನ್ನ ಮೇಲೆ ಹೊತ್ತವನೂ ಅವನೇ ಎಂದು ಪ್ರತಿಪಾದಿಸಿದನು. ಹಾಗಾದರೆ ಕೊನೆಗೆ ಎಲ್ಲರೂ ರಕ್ಷಣೆ ಹೊಂದುವರೇ ಎಂಬ ಪ್ರಶ್ನೆಗೆ ಆತನು ಖಚಿತ ಉತ್ತರ ಕೊಡಲಿಲ್ಲ. 1973ರ ಲಾಯೆನ್‌ಬರ್ಗ್ ಒಪ್ಪಂದದಲ್ಲಿ ಯುರೋಪಿನ ಲೂಥರನ್ ಮತ್ತು ಸುಧಾರಿತ ಸಭೆಗಳು ಈ ವಿಷಯದ ಹಳೆಯ ಖಂಡನೆಗಳು ಇಂದಿನ ಪರಸ್ಪರ ಬೋಧನೆಗೆ ಅನ್ವಯಿಸುವುದಿಲ್ಲವೆಂದು ಒಪ್ಪಿಕೊಂಡವು.

ಸಿದ್ಧಾಂತದ ದುರುಪಯೋಗ

ಆಯ್ಕೆ ಎಂಬುದು ಹೊಣೆಗಾರಿಕೆಯೆಂಬ ಮೂಲ ಅರ್ಥವನ್ನು ಬಿಟ್ಟು ಶ್ರೇಷ್ಠತೆಯ ಹಕ್ಕಾದಾಗ ಅನರ್ಥಗಳು ಸಂಭವಿಸಿವೆ. ದೇವರು ಯೆಹೂದ್ಯರನ್ನು ತಿರಸ್ಕರಿಸಿದ್ದಾನೆಂಬ ಬೋಧನೆ ಯುರೋಪಿನಲ್ಲಿ ಶತಮಾನಗಳ ಕಾಲ ದ್ವೇಷಕ್ಕೆ ಆಸರೆಯಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಅವರನ್ನು ದೇವರಿಂದ ತಿರಸ್ಕೃತರೆಂದೋ ಶಾಪಗ್ರಸ್ತರೆಂದೋ ಚಿತ್ರಿಸಬಾರದೆಂದು ಘೋಷಿಸಿತು. ದಕ್ಷಿಣ ಆಫ್ರಿಕದಲ್ಲಿ ಬಿಳಿಯರ ಕೆಲವು ಸಭೆಗಳು ವರ್ಣಭೇದ ನೀತಿಗೆ ಧಾರ್ಮಿಕ ಸಮರ್ಥನೆ ಒದಗಿಸಿದವು. ತಾವು ಆರಿಸಲ್ಪಟ್ಟ ಜನರೆಂಬ ಭಾವನೆಯೂ ಅದರಲ್ಲಿ ಬೆರೆತಿತ್ತು. ಸುಧಾರಿತ ಸಭೆಗಳ ಜಾಗತಿಕ ಒಕ್ಕೂಟವು 1982ರಲ್ಲಿ ಆ ಸಮರ್ಥನೆಯನ್ನು ಪಾಷಂಡವೆಂದು ಖಂಡಿಸಿತು.

ಭಾರತ ಮತ್ತು ಕರ್ನಾಟಕದ ಸಂದರ್ಭ

ಕನ್ನಡ ನಾಡಿಗೆ ಬಂದ ಮಿಷನ್ನುಗಳು ಈ ವಿವಾದದ ಬೇರೆ ಬೇರೆ ಪರಂಪರೆಗಳಿಗೆ ಸೇರಿದ್ದವು. 1810ರಿಂದ ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ ಬಹುಮಟ್ಟಿಗೆ ಕ್ಯಾಲ್ವಿನ್ ಪರಂಪರೆಯ ಸಭೆಗಳ ಬೆಂಬಲ ಪಡೆದಿತ್ತು. ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ ಅರ್ಮಿನಿಯನ್ ಪರಂಪರೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲೂಥರನ್ ಮತ್ತು ಸುಧಾರಿತ ಎರಡೂ ಮೂಲಗಳಿಂದ ಬಂದವರನ್ನು ಒಳಗೊಂಡಿತ್ತು. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದವು. ಯುರೋಪಿನಲ್ಲಿ ಸಭೆಗಳನ್ನು ಒಡೆದ ಪ್ರಶ್ನೆ ಇಲ್ಲಿ ಐಕ್ಯಕ್ಕೆ ಅಡ್ಡಿಯಾಗಲಿಲ್ಲ.

ತೌಲನಿಕ ಅಧ್ಯಯನಗಳಲ್ಲಿ ಶ್ರೀವೈಷ್ಣವ ಪರಂಪರೆಯ ಮಾರ್ಜಾಲಕಿಶೋರ ಮತ್ತು ಮರ್ಕಟಕಿಶೋರ ನ್ಯಾಯಗಳನ್ನು ಉಲ್ಲೇಖಿಸುವುದುಂಟು. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿಕೊಂಡು ಒಯ್ಯುತ್ತದೆ. ಕೋತಿಯ ಮರಿಯಾದರೋ ತಾಯಿಯನ್ನು ತಾನೇ ಅಪ್ಪಿಕೊಂಡಿರಬೇಕು. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ ಈ ಹೋಲಿಕೆಯನ್ನು ಕ್ರೈಸ್ತ ಕೃಪಾವಾದದೊಂದಿಗೆ ಇಟ್ಟು ಚರ್ಚಿಸಿದ್ದಾನೆ. ಮಧ್ವಾಚಾರ್ಯರ ಜೀವತ್ರೈವಿಧ್ಯ ಸಿದ್ಧಾಂತವನ್ನೂ ಪೂರ್ವನಿರ್ಧಾರದೊಂದಿಗೆ ಹೋಲಿಸಲಾಗಿದೆ. ಆದರೆ ಅಲ್ಲಿ ಜೀವರ ಭೇದಕ್ಕೆ ಆಧಾರ ಅವರ ಅನಾದಿ ಸ್ವರೂಪ. ಕ್ರೈಸ್ತ ಸಿದ್ಧಾಂತದಲ್ಲಿ ಆಧಾರ ಸೃಷ್ಟಿಕರ್ತನ ಸಂಕಲ್ಪ. ಕರ್ಮ ಮತ್ತು ಪುನರ್ಜನ್ಮಗಳ ಪರಿಕಲ್ಪನೆಯೂ ಕ್ರೈಸ್ತ ಧರ್ಮದಲ್ಲಿಲ್ಲ. ಆದುದರಿಂದ ಇಂತಹ ಹೋಲಿಕೆಗಳನ್ನು ಎಚ್ಚರದಿಂದ ಬಳಸಬೇಕಾಗುತ್ತದೆ.

ಪ್ರಮುಖ ನಿಲುವುಗಳ ಸಾರಾಂಶ

ಪೆಲೇಜಿಯನ್: ಮನುಷ್ಯನು ತನ್ನ ಸಹಜ ಸಾಮರ್ಥ್ಯದಿಂದಲೇ ಒಳ್ಳೆಯದನ್ನು ಆರಿಸಬಲ್ಲನು. ಪ್ರಮುಖ ಸಭೆಗಳು ಇದನ್ನು ಒಪ್ಪುವುದಿಲ್ಲ.

ಕ್ಯಾಲ್ವಿನಿಸ್ಟ್: ಆಯ್ಕೆ ಯಾವ ಷರತ್ತಿಗೂ ಒಳಪಟ್ಟಿಲ್ಲ, ಆಯ್ಕೆಗೊಂಡವರಲ್ಲಿ ಕೃಪೆ ವಿಫಲವಾಗುವುದಿಲ್ಲ.

ಲೂಥರನ್: ರಕ್ಷಣೆಯ ಶ್ರೇಯಸ್ಸೆಲ್ಲ ದೇವರದು, ನಾಶದ ಹೊಣೆ ಮನುಷ್ಯನದು, ಇವೆರಡನ್ನೂ ತರ್ಕದಿಂದ ಜೋಡಿಸುವ ಪ್ರಯತ್ನ ಬೇಡ.

ಅರ್ಮಿನಿಯನ್ ಮತ್ತು ವೆಸ್ಲಿಯನ್: ದೇವರ ಮುನ್ನಡೆಯುವ ಕೃಪೆ ಎಲ್ಲರಿಗೂ ದೊರೆಯುತ್ತದೆ, ಅದನ್ನು ಸ್ವೀಕರಿಸಬಹುದು ಅಥವಾ ತಡೆಯಬಹುದು.

ಕ್ಯಾಥೊಲಿಕ್: ಕೃಪೆ ಮೊದಲು, ಮಾನವ ಸಮ್ಮತಿ ಅದರ ಜೊತೆಗೆ; ಕೇಡಿಗಾಗಿ ಪೂರ್ವನಿರ್ಧಾರವಿಲ್ಲ.

ಆರ್ಥೊಡಾಕ್ಸ್: ದೈವಿಕ ಕೃಪೆ ಮತ್ತು ಮಾನವ ಇಚ್ಛೆಗಳ ಸಹಕಾರ.

ಭಿನ್ನತೆಗಳು ಎಷ್ಟೇ ಇದ್ದರೂ ಪೆಲೇಜಿಯನ್ ನಿಲುವನ್ನು ಬಿಟ್ಟು ಉಳಿದೆಲ್ಲ ಪರಂಪರೆಗಳು ಎರಡು ಮಾತುಗಳಲ್ಲಿ ಒಮ್ಮತ ಹೊಂದಿವೆ. ರಕ್ಷಣೆಯ ಆರಂಭ ಕೃಪೆಯಿಂದ. ದೇವರು ಪಾಪದ ಕರ್ತೃವಲ್ಲ. ಇವೆರಡನ್ನೂ ಕಾಪಾಡಿಕೊಂಡು ಮನುಷ್ಯನ ಹೊಣೆಯನ್ನು ಹೇಗೆ ವಿವರಿಸಬೇಕೆಂಬಲ್ಲಿಯೇ ದಾರಿಗಳು ಕವಲೊಡೆಯುತ್ತವೆ.